ಕಾಗದದ ಮೇಲೊಂದು ಆದಿನಾಡು

ನವರಾತ್ರಿಯ ಬೊಂಬೆಗಳ ಮುಂದೆ ಮಕ್ಕಳು ಕಟ್ಟುವ ಪುಟ್ಟ ಊರನ್ನು ನೋಡದವರು ನಮ್ಮಲ್ಲಿ ವಿರಳ. ಮೇಲಿನ ಮೆಟ್ಟಿಲುಗಳ ಪಟ್ಟದ ಬೊಂಬೆ, ದಶಾವತಾರಗಳೆಲ್ಲ ಹಿರಿಯರ ವಶ. ಕೆಳಗೆ ನೆಲದ ಮೇಲೆ ಹರಡಿದ ಮಣ್ಣು ಮಾತ್ರ ಕಿರಿಯರ ಸಾಮ್ರಾಜ್ಯ. ಅಲ್ಲಿ ರಾಗಿಯ ಮೊಳಕೆಯ ಹೊಲ, ಕನ್ನಡಿಯ ಚೂರಿನ ಕೆರೆ, ಬೆಂಕಿಪೊಟ್ಟಣದ ಮನೆ. "ಈ ಊರಿನ ಹೆಸರೇನು? ಈ ಕೆರೆ ಯಾರದು?" ಎಂದು ಆರತಿಗೆ ಬಂದವರೊಬ್ಬರು ಕೇಳಿದರೆ ಸಾಕು, ಕಟ್ಟಿದವರು ನಿಂತ ನಿಲುವಿನಲ್ಲೇ ಒಂದು ಸ್ಥಳಪುರಾಣವನ್ನು ಹೊಸೆದುಬಿಡುವರು. ಹಬ್ಬ ಮುಗಿದು ಬೊಂಬೆಗಳು ಪೆಟ್ಟಿಗೆ ಸೇರಿದ ದಿನ ಊರೂ ಹೋಗುತ್ತದೆ, ಪುರಾಣವೂ ಹೋಗುತ್ತದೆ.

ಆ ಪುರಾಣವನ್ನು ಹೋಗಗೊಡದೆ, ನಾಲ್ಕಾರು ಜನ ಕೂಡಿ ಕುಳಿತು, ಇಲ್ಲದ ಒಂದು ಜನಾಂಗದ ಹುಟ್ಟು ಬೆಳವಣಿಗೆಗಳನ್ನು ಹಂತಹಂತವಾಗಿ ಕಟ್ಟುವ ಆಟವೊಂದುಂಟು. ಆಡುವವರು ಒಮ್ಮೆ ಚರಿತ್ರಕಾರರಾಗುವರು. ಮರುಗಳಿಗೆ ಆ ನಾಡಿನ ಕುಂಬಾರ, ದನಗಾಹಿ, ಪೂಜಾರಿಗಳಾಗಿ ಮಾತನಾಡುವರು. ಇದರಲ್ಲಿ ಗೆಲುವೂ ಇಲ್ಲ, ಸೋಲೂ ಇಲ್ಲ. ಚೌಕಾಬಾರ, ಪಗಡೆಗಳಲ್ಲಿ ಕಾಯಿ ಹೊಡೆದು ಬೆಳೆದವರಿಗೆ ಇದೆಂತಹ ಆಟವೆಂದು ತೋರುವುದು ಸಹಜವೇ. ಗೆಲುವಿಲ್ಲದಿದ್ದರೂ ಇದರಲ್ಲಿ ಜಗಳಕ್ಕೇನೂ ಕೊರತೆಯಿಲ್ಲ. ಆ ಜಗಳವೇ ಇದರ ಸಾರವೆಂದು ನನ್ನ ಮತ.

ಮರದ ಸಿಪಾಯಿಗಳ ನಗರ

1826ರಲ್ಲಿ ಇಂಗ್ಲೆಂಡಿನ ಹಾವರ್ತ್ ಎಂಬ ಊರಿನ ಪಾದ್ರಿ ಪ್ಯಾಟ್ರಿಕ್ ಬ್ರಾಂಟಿ ತಮ್ಮ ಮಗನಿಗೆಂದು ಹನ್ನೆರಡು ಮರದ ಸಿಪಾಯಿಗಳನ್ನು ತಂದರು. ಷಾರ್ಲಟ್, ಬ್ರಾನ್‌ವೆಲ್, ಎಮಿಲಿ, ಆನ್ ನಾಲ್ವರೂ ಒಂದೊಂದನ್ನು ಆರಿಸಿ ಹೆಸರಿಟ್ಟರು. ಸಿಪಾಯಿಗಳು ಹಡಗೇರಿ ಆಫ್ರಿಕದ ತೀರಕ್ಕೆ ಹೋಗಿ 'ಗ್ಲಾಸ್ ಟೌನ್' ಎಂಬ ನಗರವನ್ನು ಸ್ಥಾಪಿಸಿದರು. ಅದಕ್ಕೆ ರಾಜಕೀಯ ಬಂದಿತು, ಯುದ್ಧಗಳು ಬಂದುವು. ಕೊನೆಗೆ ಸಿಪಾಯಿಗಳು ಓದಲೆಂದು ಬೆಂಕಿಪೊಟ್ಟಣದಷ್ಟು ದೊಡ್ಡ ಮಾಸಪತ್ರಿಕೆಯೂ ಹೊರಟಿತು! ಹದಿನಾಲ್ಕರ ಷಾರ್ಲಟ್ 1830ರಲ್ಲಿ ಕೈಯಲ್ಲಿ ಬರೆದ ಅಂತಹ ಒಂದು ಸಂಚಿಕೆಯನ್ನು 2019ರಲ್ಲಿ ಪ್ಯಾರಿಸ್ಸಿನ ಹರಾಜಿನಲ್ಲಿ ಹಾವರ್ತಿನ ವಸ್ತುಸಂಗ್ರಹಾಲಯದವರು 6 ಲಕ್ಷ ಯೂರೋ ಕೊಟ್ಟು ಕೊಂಡರು.

ಕೆಲವು ವರ್ಷಗಳ ಮೇಲೆ ಕಿರಿಯರಾದ ಎಮಿಲಿ, ಆನ್ ಇಬ್ಬರೂ ಆ ನಾಡನ್ನು ಬಿಟ್ಟು 'ಗೊಂಡಾಲ್' ಎಂಬ ಬೇರೆಯ ದ್ವೀಪವನ್ನೇ ಸೃಷ್ಟಿಸಿಕೊಂಡರು. ಕಿರಿಯರ ಮಾತಿಗೆ ಬೆಲೆಯಿಲ್ಲದ ಮನೆಯಲ್ಲಿ ಹೀಗಾಗದೆ ಇನ್ನೇನಾದೀತು?

ಈ ಬಗೆಯ ಕಲ್ಪನೆಗೆ ದಾಳ, ನಿಯಮ, ಪುಸ್ತಕಗಳು ಬಂದುದು ಬಹಳ ಈಚೆಗೆ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 'ಡಂಜನ್ಸ್ ಅಂಡ್ ಡ್ರಾಗನ್ಸ್' ಎಂಬ ಆಟವನ್ನು ಪ್ರಕಟಿಸಿದರು. ಮರುವರ್ಷವೇ ಮಿನೆಸೋಟದಲ್ಲಿ ಉರ್ದು ಮುಂತಾದ ನಮ್ಮ ಕಡೆಯ ಭಾಷೆಗಳ ಪ್ರಾಧ್ಯಾಪಕರಾಗಿದ್ದ ಎಂ. ಎ. ಆರ್. ಬಾರ್ಕರ್ ಎಂಬವರು ಬಾಲ್ಯದಿಂದ ಮನಸ್ಸಿನಲ್ಲಿ ಬೆಳೆಸಿದ್ದ 'ಟೆಕುಮೆಲ್' ಎಂಬ ಲೋಕವನ್ನು, ಅದರ ಭಾಷೆ ಲಿಪಿಗಳ ಸಮೇತ, ಆಟವಾಗಿ ಹೊರತಂದರು. ಆದರೆ ಈ ಆಟಗಳಲ್ಲೆಲ್ಲ ಲೋಕದ ಯಜಮಾನಿಕೆ ಒಬ್ಬರದು. ಉಳಿದವರು ಅದರಲ್ಲಿ ಸಂಚರಿಸುವವರು. ಎಲ್ಲರೂ ಕೂಡಿ ನಾಡು ಕಟ್ಟುವ ಪದ್ಧತಿಗೆ ಅಚ್ಚುಕಟ್ಟಾದ ನಿಯಮಗಳು ದೊರೆತದ್ದು 2011ರಲ್ಲಿ ಬೆನ್ ರಾಬಿನ್ಸ್ ರಚಿಸಿದ 'ಮೈಕ್ರೋಸ್ಕೋಪ್' ಮತ್ತು 2013ರಲ್ಲಿ ಏವರಿ ಆಲ್ಡರ್ ರಚಿಸಿದ 'ದಿ ಕ್ವಯಟ್ ಇಯರ್' ಮುಂತಾದ ಆಟಗಳಲ್ಲಿ.

ಮೊದಲನೆಯದರಲ್ಲಿ ಯಜಮಾನನೇ ಇಲ್ಲ. ಯಾವುದು ನಮ್ಮ ನಾಡಿನಲ್ಲಿ ಇರಬಹುದು, ಯಾವುದು ಇರಕೂಡದು ಎಂದು ಮೊದಲೇ ಪಟ್ಟಿಮಾಡಿಕೊಳ್ಳಬೇಕು. ಆಮೇಲೆ ಸರದಿಯಂತೆ ಒಬ್ಬೊಬ್ಬರೂ ಒಂದು ಯುಗವನ್ನೋ, ಒಂದು ಘಟನೆಯನ್ನೋ ಸೇರಿಸಬೇಕು. ನಡೆದ ಘಟನೆಯ ಒಂದು ಪ್ರಶ್ನೆಯನ್ನು ಎತ್ತಿಕೊಂಡು, ಪಾತ್ರ ವಹಿಸಿ ಆಡಿ ಉತ್ತರ ಕಂಡುಕೊಳ್ಳಲೂಬಹುದು. ಒಬ್ಬರ ಸರದಿಯಲ್ಲಿ ಮತ್ತೊಬ್ಬರು ಉಪದೇಶ ಮಾಡಕೂಡದು. ಒಬ್ಬರು ಹೇಳಿ ಸ್ಥಾಪಿಸಿದ್ದನ್ನು ಇನ್ನೊಬ್ಬರು ಸುಳ್ಳೆನ್ನಕೂಡದು. ಎರಡನೆಯದರಲ್ಲಿ ಇಸ್ಪೀಟಿನ 52 ಎಲೆಗಳೇ ವರ್ಷದ 52 ವಾರಗಳು (ವಾರಪತ್ರಿಕೆಯ ಓದುಗರಿಗೆ ಈ ಲೆಕ್ಕ ಹೊಸದಲ್ಲ). ಎಲೆಯೆತ್ತಿದಂತೆಲ್ಲ ಊರಿಗೆ ಒಂದು ಒಳಿತೋ ಕೆಡುಕೋ ಬರುವುದು. ತನ್ನನ್ನು ಕೇಳದೆ ಏನಾದರೂ ನಡೆಯಿತೆಂದು ತೋರಿದವರು ಬಾಯಿಬಿಟ್ಟು ದೂರುವಂತಿಲ್ಲ. ಒಂದು ಬಿಲ್ಲೆಯನ್ನು ಎತ್ತಿ ತಮ್ಮ ಮುಂದೆ ಇಟ್ಟುಕೊಳ್ಳಬಹುದು, ಅಷ್ಟೆ. ನಮ್ಮ ಮನೆಗಳಲ್ಲಿ ಅದಕ್ಕೆ ಹುಣಿಸೆಬೀಜ ಧಾರಾಳವಾಗಿ ಸಾಕು.

ಮೋರ್ಯರೂ ವಾಲಿಯೂ

ಪರದೇಶದ ಹೆಸರುಗಳನ್ನು ಕೇಳಿ ಇದು ನಮಗೆ ಹೊರಗಿನದೆಂದು ಭಾವಿಸಬೇಕಾಗಿಲ್ಲ. ಗಂಗಾವತಿಯ ಬಳಿಯ ಹಿರೇಬೆಣಕಲ್ಲಿನ ಗುಡ್ಡದ ಮೇಲೆ ಕಲ್ಲಚಪ್ಪಡಿಗಳನ್ನು ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿದ ನೂರಾರು ಕಟ್ಟಡಗಳಿವೆ. ಕೆಲವಕ್ಕೆ ಮುಂದುಗಡೆ ದುಂಡನೆಯ ಕಿಂಡಿಯುಂಟು. 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿದ ಈ ತಾಣ ಬೃಹತ್ ಶಿಲಾಯುಗದ ಸಮಾಧಿಗಳ ನೆಲೆ. ಸುತ್ತಿನ ಜನ ಅದನ್ನು ಕರೆಯುವುದು ಮೋರ್ಯರ ಗುಡ್ಡವೆಂದು. ಮೋರ್ಯರೆಂದರೆ ಹಿಂದೊಂದು ಕಾಲದಲ್ಲಿ ಅಲ್ಲಿ ಬಾಳಿದ ಗಿಡ್ಡ ಜನ. ಮನೆ ಚಿಕ್ಕದು, ಬಾಗಿಲಿನ ಕಿಂಡಿ ಚಿಕ್ಕದು. ಆದುದರಿಂದ ವಾಸಿಸಿದವರೂ ಚಿಕ್ಕವರೇ ಇದ್ದಿರಬೇಕು! ಕಂಡ ಒಂದು ಕಲ್ಲಿನಿಂದ ಕಾಣದ ಒಂದು ಜನಾಂಗವನ್ನು ತರ್ಕಿಸಿ ಕಟ್ಟಿದ್ದಾರೆ, ಅದೂ ಒಬ್ಬರಲ್ಲ, ತಲೆತಲಾಂತರದಿಂದ ಊರಿಗೆ ಊರೇ ಸೇರಿ.

ಹಂಪೆಯ ಬಳಿಯ ನಿಂಬಾಪುರದ ಬೂದಿಗುಡ್ಡೆಯೂ ಹಾಗೆಯೇ. ಅದು ವಾಲಿಯನ್ನು ದಹನ ಮಾಡಿದ ಸ್ಥಳವೆಂದು ಪ್ರತೀತಿ. ಅಷ್ಟು ಬೂದಿ ಉಳಿಯಬೇಕಾದರೆ ಸುಟ್ಟ ದೇಹ ಎಷ್ಟು ದೊಡ್ಡದಾಗಿದ್ದಿರಬೇಕು ಎಂಬುದೂ ತರ್ಕವೇ ತಾನೆ? ಇಂತಹ ಬೂದಿಗುಡ್ಡೆಗಳ ಗುಟ್ಟು ಒಡೆದುದು ಈಗಿನ ತೆಲಂಗಾಣದ ಉಟ್ನೂರಿನಲ್ಲಿ. 1957ರಲ್ಲಿ ಅಲ್ಲಿ ಅಗೆದ ಎಫ್. ಆರ್. ಆಲ್ಚಿನ್ನರಿಗೆ ಬೂದಿಯ ಪದರಗಳಲ್ಲಿ ದನಗಳ ಗೊರಸಿನ ಗುರುತುಗಳು ಕಂಡುವು. ಅವು ನವಶಿಲಾಯುಗದ ದೊಡ್ಡಿಗಳು. ರಾಶಿರಾಶಿಯಾಗಿ ಸುಟ್ಟ ಸಗಣಿಯೇ ಆ ಬೂದಿ. ವಾಲಿಯ ಕಥೆಗಿಂತ ಈ ಸತ್ಯ ಸಪ್ಪೆಯೆಂದು ನನಗಂತೂ ಅನ್ನಿಸಿಲ್ಲ. ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ಒಂದು ದನ ಇಟ್ಟ ಹೆಜ್ಜೆ ಹಾಗೆಯೇ ಉಳಿದಿತ್ತೆಂದರೆ!

ಉಲ್ಲಾಳದ ಒಂದು ನಡುಮನೆಯಲ್ಲಿ

ಉಲ್ಲಾಳವೆಂದೊಡನೆ ಕೆಲವರಿಗೆ ರಾಣಿ ಅಬ್ಬಕ್ಕನ ನೆನಪಾದೀತು. ಅದು ಕಡಲ ಬದಿಯ ಉಳ್ಳಾಲ. ನಾನು ಹೇಳುವುದು ಬೆಂಗಳೂರಿನ ಪಶ್ಚಿಮಕ್ಕೆ, ಕೆಂಗೇರಿಗೂ ಮಾಗಡಿ ರಸ್ತೆಗೂ ನಡುವೆ ಇರುವ ಉಲ್ಲಾಳ. ಲಕಾರ ಳಕಾರಗಳು ಜಾಗ ಬದಲಾಯಿಸಿಕೊಂಡಿವೆ. ಅಲ್ಲಿಯ ಒಂದು ಮನೆಯಲ್ಲಿ ಭಾನುವಾರ ಮಧ್ಯಾಹ್ನ ಅಜ್ಜಿ, ತಾಯಿ, ಅಣ್ಣ, ತಂಗಿ ನಾಲ್ವರು ಒಂದು ದೊಡ್ಡ ಹಾಳೆಯ ಸುತ್ತ ಕುಳಿತಿದ್ದಾರೆಂದು ಇಟ್ಟುಕೊಳ್ಳೋಣ.

ನೆಲವನ್ನು ದೂರದ ದ್ವೀಪದಿಂದ ತರಬೇಕಾಗಿಲ್ಲ, ಮನೆಯ ಕೆಳಗೇ ಇದೆ. ಬಡಾವಣೆ, ರಸ್ತೆ, ತಂತಿಗಳನ್ನೆಲ್ಲ ಮನಸ್ಸಿನಲ್ಲಿ ಅಳಿಸಿದರೆ ಉಳಿಯುವುದು ಏರುತಗ್ಗು, ಬಂಡೆಗಳು, ಕುರುಚಲು ಕಾಡು, ವೃಷಭಾವತಿಯ ಕಡೆಗೆ ಇಳಿಯುವ ಹಳ್ಳಗಳು. ಉಲ್ಲಾಳದ ಕೆರೆಯನ್ನೂ ಅಳಿಸಬೇಕು. ಬೆಂಗಳೂರಿನ ಸುತ್ತಿನ ಕೆರೆಗಳು ಬಹುಮಟ್ಟಿಗೆ ತಾವಾಗಿ ಹುಟ್ಟಿದವಲ್ಲ. ಹಳ್ಳಕ್ಕೆ ಯಾರೋ ಏರಿ ಹಾಕಿ ಕಟ್ಟಿದವು. ಜನ ಅಲ್ಲಿ ಬಾಳಿದ್ದರೇ ಎಂಬ ಸಂದೇಹ ಬೇಡ. ಮಾಗಡಿಯ ಕಡೆ ಸಾಗಿದರೆ ಸಿಕ್ಕುವ ಸಾವನದುರ್ಗದ ಕಲ್ಗೋರಿಗಳನ್ನು ಕುರಿತು 1881ರಷ್ಟು ಹಿಂದೆಯೇ ಬ್ರಾನ್‌ಫಿಲ್ ಎಂಬವರು 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಬರೆದಿದ್ದಾರೆ.

ಇರಕೂಡದ ವಸ್ತುಗಳ ಪಟ್ಟಿಯಲ್ಲಿ ತಾಯಿ ಮೊದಲು ಬರೆಯುವುದು ಮೆಣಸಿನಕಾಯಿ, ಆಲೂಗಡ್ಡೆ, ಟೊಮೇಟೊ. ಅವೆಲ್ಲ ಪೋರ್ಚುಗೀಸರ ಕಾಲದ ಮೇಲೆ ಬಂದವು. ಆಮೇಲೆ ರಾಗಿ. "ರಾಗಿಯೂ ಇಲ್ಲವೇನೇ? ಮತ್ತೆ ಉಣ್ಣುವುದೇನು?" ಎಂದು ಅಜ್ಜಿ ಕೇಳದೆ ಇರುವರೆ? ರಾಗಿಯ ತವರು ಆಫ್ರಿಕ. ಬಳ್ಳಾರಿಯ ಸಂಗನಕಲ್ಲು ಮುಂತಾದ ನೆಲೆಗಳಲ್ಲಿ ದೊರೆತ ಕರಿಕಾದ ಕಾಳುಗಳಿಂದ ತಿಳಿದುಬಂದಂತೆ, ನಮ್ಮ ನಾಡಿನ ಮೊದಲ ಬೇಸಾಯಗಾರರು ಬೆಳೆದುದು ಕೊರಲೆಯಂತಹ ಕಿರುಧಾನ್ಯ, ಹುರುಳಿ, ಹೆಸರು. ಹುರುಳಿಯ ಸಾರು ಸರಿ, ಖಾರಕ್ಕೇನು? ಕರಿಮೆಣಸು ಬೇಕೆಂದರೆ ಘಟ್ಟದ ಕಡೆಯವರ ಸ್ನೇಹ ಬೇಕು. ಅವರಿಗೆ ಕೊಡಲು ಕಲ್ಲಿನ ಕೊಡಲಿಯೋ ಕರುವೋ ಬೇಕು. ಹೀಗೆ ಅಜ್ಜಿಯ ನಾಲಗೆಯಿಂದ ಆ ನಾಡಿನ ವ್ಯಾಪಾರ ಆರಂಭವಾಗುತ್ತದೆ. ಕಲ್ಪಿತ ನಾಡು ನಿಜದ ಚರಿತ್ರೆಗೆ ತಲೆಬಾಗಬೇಕಾಗಿಲ್ಲ. ಆದರೆ ಹಸಿವಿಗೆ ತಲೆಬಾಗಲೇಬೇಕು.

ಈಗ ಜಗಳಕ್ಕೆ ಬರೋಣ. ಅಣ್ಣ ತನ್ನ ಸರದಿಯಲ್ಲಿ ಹಳ್ಳಕ್ಕೆ ಅಡ್ಡವಾಗಿ ಏರಿಯೆಳೆದು, "ನಮ್ಮ ದೊರೆ ಇಲ್ಲಿ ಕೆರೆ ಕಟ್ಟಿಸಿದ" ಎನ್ನುತ್ತಾನೆ. ತಂಗಿಯ ಊರು ಅದೇ ಹಳ್ಳದ ಕೆಳಗಿದೆ. ಆಕೆ ಮಾತನಾಡದೆ ಒಂದು ಹುಣಿಸೆಬೀಜವನ್ನು ಎತ್ತಿಕೊಳ್ಳುತ್ತಾಳೆ. (ಮೇಲಿನವರು ಕಟ್ಟುವುದು, ಕೆಳಗಿನವರು ಕೆರಳುವುದು: ಕಾವೇರಿಯ ಮಕ್ಕಳಿಗೆ ಇದನ್ನು ವಿವರಿಸಬೇಕೆ?) ಏರಿಯನ್ನು ಅಳಿಸುವಂತಿಲ್ಲ, ನಿಯಮ. ಅಜ್ಜಿಯ ಸರದಿ ಬಂದಾಗ ಅವರು ಕೇಳುತ್ತಾರೆ: "ಕಟ್ಟಿಸಿದವನು ದೊರೆ, ಸರಿಯಪ್ಪ. ಕಟ್ಟಿದವರು ಯಾರು? ತೂಬು ತೆಗೆಯುವವನು ಯಾರು?"

ಈ ಎರಡು ಕ್ರಿಯಾಪದಗಳ ನಡುವಿನ ಅಂತರ ನಮ್ಮ ಶಾಸನಗಳಷ್ಟೇ ಹಳೆಯದು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ 4ನೆಯ ಶತಮಾನದ ಕದಂಬ ಮಯೂರಶರ್ಮನ ಶಾಸನವು ಕೆರೆಯ ಕೆಲಸವನ್ನು ಹೇಳಿ ಅವನು ಜಯಿಸಿದವರನ್ನು ಹೆಸರಿಸುತ್ತದೆ. ಮಣ್ಣು ಹೊತ್ತವರ ಹೆಸರು ಅದರಲ್ಲಿಲ್ಲ. ಹಳೆಯ ಮೈಸೂರಿನ ಕೆರೆಗಳಲ್ಲಿ ತೂಬು ತೆಗೆದು ಗದ್ದೆಗದ್ದೆಗೂ ನೀರು ಹಂಚುತ್ತಿದ್ದ ನೀರುಗಂಟಿಗಳು ಬಹುಮಟ್ಟಿಗೆ ದಲಿತ ಕುಟುಂಬಗಳವರು. ಸುಗ್ಗಿಯಲ್ಲಿ ಧಾನ್ಯದ ಪಾಲು ಅವರ ಕೂಲಿ. ಆಟದಲ್ಲಿ ದೊರೆಯಾಗಲು ಎಲ್ಲರೂ ಮುಂದು, ನೀರುಗಂಟಿಯಾಗಲು ಯಾರೂ ಇಲ್ಲ. ಕೊನೆಗೆ ತಂಗಿಯೇ ಒಪ್ಪುತ್ತಾಳೆ. ಒಪ್ಪಿದ ಮೇಲೆ ಅಣ್ಣನ ದೊರೆಗಿಂತ ತನ್ನ ಕೈಯ ತೂಬಿಗೆ ಹೆಚ್ಚು ಬಲವೆಂಬುದು ಆಕೆಗೆ ಹೊಳೆಯಲು ತಡವಾಗುವುದಿಲ್ಲ.

ತಾಯಿಯ ಸರದಿ: "ಮೂರು ವರ್ಷ ಮಳೆ ಬಂದರೂ ಕೆರೆಯಲ್ಲಿ ನೀರು ನಿಲ್ಲಲಿಲ್ಲ." 'ಕೆರೆಗೆ ಹಾರ'ದ ಭಾಗೀರಥಿಯ ಕಥೆಯನ್ನು ಶಾಲೆಯಲ್ಲಿ ಓದಿದ ಅಣ್ಣ ತಟ್ಟನೆ, "ಹಾಗಾದರೆ ಕಿರಿಸೊಸೆಯನ್ನು ಬಲಿ ಕೊಡಬೇಕು" ಎಂದಾನು. ಇದು ಹೇಳಿ ಮುಗಿಸುವ ವಿಷಯವಲ್ಲ, ಆಡಿ ನೋಡಬೇಕಾದುದು. ಆಕೆಯನ್ನು ಊರಿನವರು ಒಪ್ಪಿಸಿದರೇ, ಇಲ್ಲವೇ? ಈ ಮನೆಯವರ ಕಟ್ಟುಪಾಡೆಂದರೆ, ಬಲಿಯನ್ನು ಸೂಚಿಸಿದವನೇ ಸೊಸೆಯ ಪಾತ್ರ ವಹಿಸಬೇಕು. ಉಳಿದ ಮೂವರು ಹಿರಿಯರಾಗಿ ಬಂದು ಎದುರಿಗೆ ಕುಳಿತು, ನಯವಾದ ಮಾತಿನಲ್ಲಿ, ಊರಿನ ಒಳಿತಿಗಾಗಿ ನೀನು ಸಾಯಬೇಕು ಎನ್ನುತ್ತಾರೆ. ಹುಡುಗ ನಗಲು ಹೋಗಿ ನಗಲಾರ. ಬಹಳ ಹೊತ್ತು ಸುಮ್ಮನಿದ್ದು, "ನಾನು ದಿನಾ ನೀರಿಗೆ ಹೋಗುವವಳು. ಏರಿಯ ಕೆಳಗೆ ಒಂದೆಡೆ ಯಾವಾಗಲೂ ಒದ್ದೆ. ನನ್ನನ್ನು ಕೊಡುವ ಮೊದಲು ಅಲ್ಲಿ ಅಗೆದು ಜೇಡಿ ತುಂಬಿ ನೋಡಿ" ಎನ್ನಬಹುದು. ಹಿರಿಯರು ಪರಸ್ಪರ ಮುಖ ನೋಡಿಕೊಳ್ಳುವರು. ಜೇಡಿ ತುಂಬುವುದೆಂದು ತೀರ್ಮಾನವಾಗುವುದು.

"ಆ ಕಾಲದಲ್ಲಿ ಸೊಸೆಯ ಮಾತನ್ನು ಕೇಳುತ್ತಿದ್ದವರು ಯಾರು?" ಎಂದು ಅಜ್ಜಿ ಗೊಣಗಿಯಾರು. ಆದರೆ ನಡೆದುದನ್ನು ಸುಳ್ಳೆನ್ನುವಂತಿಲ್ಲವಲ್ಲ. ಆದುದರಿಂದ ತಮ್ಮ ಸರದಿ ಬಂದಾಗ ಹಾಳೆಯ ಬಲತುದಿಯಲ್ಲಿ ಬೇರೊಂದು ಯುಗವನ್ನು ಬರೆಸುತ್ತಾರೆ: ಮುನ್ನೂರು ವರ್ಷಗಳ ಮೇಲೆ ಆ ಊರಿನ ಹೆಂಗಸರು ಬೀಸುತ್ತ ಹಾಡುವ ಹಾಡಿನಲ್ಲಿ, ಸೊಸೆ ಕೆರೆಗೆ ಹಾರವಾಗಿ ಹೋಗಿದ್ದಾಳೆ.

ಅಣ್ಣ ಒಂದು ಹುಣಿಸೆಬೀಜವನ್ನು ಎತ್ತಿಕೊಳ್ಳುತ್ತಾನೆ.