ಜನ ಸೇರಿಸ್ತೀರಿ ಸರಿ, ಗೇಟಿನ ಲೆಕ್ಕ ಹಾಕಿದ್ದೀರಾ?

ಒಂದು ಕಾರ್ಯಕ್ರಮ ಯಶಸ್ವಿ ಆಯ್ತು ಅಂತ ನಾವು ಹೇಳೋದು ಯಾವಾಗ? ಕುರ್ಚಿ ಸಾಲದೆ ಹೋದಾಗ, ಡ್ರೋನ್ ಫೋಟೊ ವೈರಲ್ ಆದಾಗ. ಪಕ್ಷದ ಸಮಾವೇಶ, ಕಾಲೇಜು ಫೆಸ್ಟ್, ಫ್ರೀಡಂ ಪಾರ್ಕಿನ ಧರಣಿ, ಎಲ್ಲಕ್ಕೂ ಅಳತೆಗೋಲು ಒಂದೇ: ಎಷ್ಟು ಜನ ಬಂದ್ರು? ಈ ಅಳತೆಗೋಲೇ ಅಪಾಯಕಾರಿ ಅನ್ನೋದು ನನ್ನ ವಾದ.

2025ರ ಜೂನ್ 4ನ್ನೇ ನೋಡಿ. ಹಿಂದಿನ ರಾತ್ರಿ ಅಹಮದಾಬಾದಿನಲ್ಲಿ ಆರ್‌ಸಿಬಿ ಮೊದಲ ಸಲ ಐಪಿಎಲ್ ಗೆದ್ದಿತ್ತು. ಮಾರನೇ ದಿನವೇ ವಿಧಾನಸೌಧದಲ್ಲಿ ಸರ್ಕಾರದ ಸನ್ಮಾನ, ಹತ್ತಿರದ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಸಂಭ್ರಮ. ಕ್ರೀಡಾಂಗಣದ ಸಾಮರ್ಥ್ಯ ಸುಮಾರು 35,000. ಬಂದವರು 2ರಿಂದ 3 ಲಕ್ಷ ಎಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಹೇಳಿದರು. ಕ್ರೀಡಾಂಗಣದ ಹೊರಗಿನ ನೂಕುನುಗ್ಗಲಿನಲ್ಲಿ 11 ಜನ ಪ್ರಾಣ ಕಳೆದುಕೊಂಡರು. ಸೀಮಿತ ಪಾಸ್ ಇದೆ ಎಂಬ ಮಾತು ಪ್ರಚಾರದಲ್ಲಿ ಬಂದದ್ದೇ ಮಧ್ಯಾಹ್ನದ ಮೇಲೆ ಎಂದು ಸರ್ಕಾರ ಹೈಕೋರ್ಟಿಗೆ ಕೊಟ್ಟ ವರದಿ ಹೇಳಿತು. ಅಷ್ಟರಲ್ಲಿ ಜನ ಮನೆಯಿಂದ ಹೊರಟಾಗಿತ್ತು.

ನಾನು ಓದಿದ್ದು ಎಂಜಿನಿಯರಿಂಗ್. ಹಾಗಾಗಿ ನನಗೆ ಪ್ರಚಾರ ಅಂದ್ರೆ ಪಂಪು, ಗೇಟು ಅಂದ್ರೆ ಪೈಪು. ಬ್ರಿಟನ್ನಿನ ಕ್ರೀಡಾಂಗಣ ಸುರಕ್ಷತಾ ಕೈಪಿಡಿ ‘ಗ್ರೀನ್ ಗೈಡ್’ ಪ್ರಕಾರ, ಒಬ್ಬೊಬ್ಬರನ್ನೇ ಬಿಡುವ ಒಂದು ತಿರುಗು ಗೇಟಿಗೆ ಗಂಟೆಗೆ 660 ಜನಕ್ಕಿಂತ ಹೆಚ್ಚು ಲೆಕ್ಕ ಹಿಡಿಯಬಾರದು. ಅಂಥ 10 ಗೇಟಿದ್ದರೆ 6,600. ಅಂದರೆ 35,000 ಜನ ಒಳಹೋಗಲು 5 ಗಂಟೆಗೂ ಹೆಚ್ಚು ಬೇಕು, ಅದೂ ಪಾಸ್ ಇದ್ದವರಷ್ಟೇ ಬಂದರೆ.

ಉಳಿದವರು ಹೊರಗೆ ಒತ್ತಿ ನಿಲ್ತಾರೆ. ಚದರ ಮೀಟರಿಗೆ 4–5 ಜನ ದಾಟಿದರೆ ಅಪಾಯ ಶುರು. 6–7 ಆದರೆ ಯಾರ ಕಾಲೂ ಅವರ ಮಾತು ಕೇಳಲ್ಲ. ಇಡೀ ಗುಂಪು ನೀರಿನಂತೆ ಹೊಯ್ದಾಡುತ್ತೆ. ಇಂಥ ದುರಂತಗಳಲ್ಲಿ ಬಹಳಷ್ಟು ಜನ ನಿಂತಲ್ಲೇ ಉಸಿರುಗಟ್ಟಿ ಸಾಯ್ತಾರೆ. ‘ಕಾಲ್ತುಳಿತ’ ಅನ್ನೋ ಪದ ತಪ್ಪನ್ನೆಲ್ಲ ಜನರ ಕಾಲಿಗೆ ಕಟ್ಟಿ, ಆಯೋಜಕರನ್ನು ಬಚಾವ್ ಮಾಡುತ್ತೆ.

ಹಾಗಾದ್ರೆ ಮಾಡಬೇಕಾದ್ದೇನು? ಪೋಸ್ಟರ್ ಡಿಸೈನ್‌ಗೂ ಮೊದಲು ಗೇಟುಗಳನ್ನು ಎಣಿಸಿ, ಗಂಟೆಗೆ ಎಷ್ಟು ಜನ ದಾಟಬಹುದು ಅಂತ ಬರೆದಿಡಿ. ಮಿತಿ ಇದ್ದರೆ ಮೊದಲ ಪೋಸ್ಟ್‌ನಲ್ಲೇ ಹೇಳಿ: ಯಾರಿಗೆ ಪ್ರವೇಶ, ಯಾವ ಗೇಟು, ಎಷ್ಟು ಹೊತ್ತಿಗೆ. ಎಲ್ಲರನ್ನೂ ಒಂದೇ ಹೊತ್ತಿಗೆ ಕರೀಬೇಡಿ. ಪೊಲೀಸರು ಒಂದು, ನಿಮ್ಮ ಇನ್‌ಸ್ಟಾಗ್ರಾಂ ಇನ್ನೊಂದು ಹೇಳುವಂತಾಗಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ‘ಇನ್ನು ಬರಬೇಡಿ, ಕಾರ್ಯಕ್ರಮ ನಿಲ್ಲಿಸಿ’ ಅನ್ನೋ ಅಧಿಕಾರ ಯಾರಿಗಿದೆ ಅಂತ ಮೊದಲೇ ತೀರ್ಮಾನಿಸಿ. ವೇದಿಕೆ ಮೇಲಿನ ನಾಯಕರಿಗೆ ಆ ಕೆಲಸ ಕೊಡಬೇಡಿ, ಜನ ಕಮ್ಮಿ ಆಗೋದು ಅವರಿಗೆ ಇಷ್ಟ ಇರಲ್ಲ.

ಇದರಲ್ಲಿ ರಾಜಕೀಯವೂ ಇದೆ. ದುರಂತದ ನಂತರ ರಾಜ್ಯ ಸರ್ಕಾರ ಜನಸಂದಣಿ ನಿಯಂತ್ರಣ ಮಸೂದೆ ತಂದಿತು. ‘ಸುರಕ್ಷತೆ’ ಅನ್ನೋ ಕಾರಣ ಕೊಟ್ಟು ನಾಳೆ ಒಂದು ಪ್ರತಿಭಟನೆಗೂ ಅನುಮತಿ ನಿರಾಕರಿಸಬಹುದು. ಆಗ ಘೋಷಣೆಯ ಜತೆ ಗೇಟಿನ ಲೆಕ್ಕವೂ ನಮ್ಮ ಕೈಯಲ್ಲಿದ್ದರೆ, ಇಲ್ಲ ಅನ್ನೋಕೆ ಅಧಿಕಾರಿ ಬೇರೆ ಕಾರಣ ಹುಡುಕಬೇಕಾಗುತ್ತೆ.