ಪಿಕ್‌ಗಾರ್ಡ್ ಅಡಿಯ ಮೊಳೆ ತೂತು

11 ಸ್ಕ್ರೂಗಳನ್ನು ಒಂದೊಂದಾಗಿ ಬಿಚ್ಚಿ ತಟ್ಟೆಯಲ್ಲಿಟ್ಟು, ಗಿಟಾರಿನ ಮುಂಭಾಗ ಮುಚ್ಚುವ ಪಿಕ್‌ಗಾರ್ಡ್ ಫಲಕವನ್ನು ಎರಡೂ ಕೈಯಲ್ಲಿ ಎತ್ತಿ ಪಕ್ಕಕ್ಕೆ ಮಲಗಿಸಿದಾಗ ಮೇಜಿನ ಸುತ್ತ ಇದ್ದ ನಾವು ಮೂವರೂ ಒಟ್ಟಿಗೇ ಬಗ್ಗಿದೆವು. ಬೆಂಗಳೂರಿನ ಒಂದು ಗಿಟಾರ್ ರಿಪೇರಿ ಅಂಗಡಿ. ಮೇಜಿನ ಮೇಲಿದ್ದದ್ದು ಫೆಂಡರ್ ಸ್ಟ್ರಾಟೋಕಾಸ್ಟರ್. ನೆಕ್ಕಿನ ಬುಡದಲ್ಲಿ ಪೆನ್ಸಿಲಿನಿಂದ ಬರೆದ ತಾರೀಕು 1961ರದು. ಬೆಳಕಿಗೆ ಬಿದ್ದ ಭಾಗದಲ್ಲಿ ಸನ್‌ಬರ್ಸ್ಟ್ ಬಣ್ಣ ಮಾಸಿ ಕಂದಿಗೆ ತಿರುಗಿತ್ತು. ಪಿಕ್‌ಗಾರ್ಡ್ ಮುಚ್ಚಿದ್ದ ಕಡೆ ಹಳದಿ ಹಳದಿಯಾಗಿ, ಅಂಚಿನ ಕೆಂಪು ಕೆಂಪಾಗಿ ಉಳಿದಿತ್ತು. ಆ ಹಳದಿಯ ನಡುವೆ ಎರಡು ಮಿಲಿಮೀಟರೂ ಇಲ್ಲದ ಒಂದು ತೂತು. ಸ್ವಲ್ಪ ದೂರದಲ್ಲಿ ಇನ್ನೊಂದು. ಯಾವ ಸ್ಕ್ರೂವಿಗೂ ಸೇರದ ತೂತುಗಳು.

ಗಿಟಾರ್ ತಂದಿದ್ದ ಹುಡುಗ ಸಾಫ್ಟ್‌ವೇರ್ ಕೆಲಸದವನು. ಅವನ ದೊಡ್ಡಪ್ಪ ಎಪ್ಪತ್ತರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಓದುತ್ತಿದ್ದಾಗ ಸೆಕೆಂಡ್ ಹ್ಯಾಂಡ್ ಕೊಂಡದ್ದಂತೆ. ವಾಲ್ಯೂಮ್ ನಾಬ್ ಕರಕರ ಅನ್ನುತ್ತದೆಂದು ಹುಡುಗ ತಾನೇ ಬಿಚ್ಚಿ ನೋಡಿದ್ದ, ತೂತು ಕಂಡು ಹೆದರಿದ್ದ.

‘ಹುಳ ಹಿಡಿದಿದೆಯಾ ಅಣ್ಣಾ? ಔಷಧಿ ಬಿಡಬೇಕಾ?’

‘ಹುಳ ಅಲ್ಲಪ್ಪ, ಮೊಳೆ. ಯಾರು ಏನೇ ಹೇಳಿದ್ರೂ ಇದನ್ನ ಮುಚ್ಚಿಸೋಕೆ ಹೋಗಬೇಡ’ ಎಂದರು ರಿಪೇರಿಯವರು. ಆಮೇಲೆ ನನ್ನ ಕೈಗೆ ಭೂತಗನ್ನಡಿ ಕೊಟ್ಟು, ‘ಒಳಗೆ ಬಣ್ಣ ಇದೆಯಾ ನೋಡಿ ಸಾರ್’ ಅಂದರು.

ನೋಡಿದೆ. ತೂತಿನ ಬಾಯಿಯವರೆಗೆ ಹೊಳಪಿನ ಪದರ ಬಂದು ಅಲ್ಲೇ ಕಡಿದಂತೆ ನಿಂತಿತ್ತು. ಒಳಗೆ ಬರೀ ಮರ, ಧೂಳು ಕುಡಿದು ಕಪ್ಪಾದ ಆಲ್ಡರ್ ಮರ. ಬಣ್ಣದ ಒಂದು ಹನಿಯೂ ಒಳಗಿಳಿದಿರಲಿಲ್ಲ. ಆ ಬರಿಮರ ಕಂಡ ಗಳಿಗೆಯಿಂದ ನನ್ನ ತಲೆಯಲ್ಲಿ ಈ ತೂತಿನದೇ ಗುಂಗು.

ಕತೆ ಹೀಗೆ. ಫುಲರ್ಟನ್‌ನ ಫೆಂಡರ್ ಕಾರ್ಖಾನೆಯಲ್ಲಿ ಬಣ್ಣ ಹೊಡೆಯುವ ಮುಂಚೆ ಬಾಡಿಯ ಮುಂಭಾಗಕ್ಕೆ ಮೂರೋ ನಾಲ್ಕೋ ಸಣ್ಣ ಮೊಳೆ ಹೊಡೆಯುತ್ತಿದ್ದರು. ಎದುರು ಮೈಗೆ ಸ್ಪ್ರೇ ಹೊಡೆದಾದ ಮೇಲೆ ಬಾಡಿಯನ್ನು ಬೋರಲು ಹಾಕಿದರೆ ಅದು ಈ ಮೊಳೆಗಳ ಮೇಲೆ ನಿಲ್ಲುತ್ತಿತ್ತು. ಹಸಿ ಬಣ್ಣ ಎಲ್ಲಿಗೂ ತಾಗುತ್ತಿರಲಿಲ್ಲ. ಬೆನ್ನಿಗೂ ಪಕ್ಕಗಳಿಗೂ ಬಣ್ಣ ಹೊಡೆದು ಹಾಗೆಯೇ ಒಣಗಲು ಬಿಡಬಹುದಿತ್ತು. ಎಲ್ಲ ಒಣಗಿದ ಮೇಲೆ ಇಕ್ಕಳದಿಂದ ಮೊಳೆ ಕೀಳುವುದು. ಮೊಳೆ ಇದ್ದ ಜಾಗದಲ್ಲಿ ಬಣ್ಣವಿಲ್ಲದ ತೂತು ಉಳಿಯುತ್ತದೆ. ಪಿಕ್‌ಗಾರ್ಡ್ ಕೂತರೆ ಅದು ಯಾರ ಕಣ್ಣಿಗೂ ಬೀಳದು. ಜಿಗ್ ಇಲ್ಲ, ಯಂತ್ರ ಇಲ್ಲ, ಕಾಸಿನ ಖರ್ಚೂ ಇಲ್ಲ. ರೇಡಿಯೊ ರಿಪೇರಿಯಿಂದ ಬದುಕು ಶುರುಮಾಡಿದ ಲಿಯೋ ಫೆಂಡರ್‌ಗೆ ಒಪ್ಪುವ ಉಪಾಯ.

ಇಂದು ಹಳೆಯ ಗಿಟಾರ್ ಕೊಳ್ಳುವವರು ಮೊದಲು ಹುಡುಕುವುದೇ ಈ ತೂತುಗಳನ್ನು. ತೂತಿನೊಳಗೆ ಬಣ್ಣ ಇಳಿದಿದ್ದರೆ ಮೊಳೆ ಕಿತ್ತ ಮೇಲೆ ಮತ್ತೆ ಯಾರೋ ಸ್ಪ್ರೇ ಹಿಡಿದಿದ್ದಾರೆ ಎಂದರ್ಥ. ತೂತೇ ಇಲ್ಲದಿದ್ದರೆ ಪುಟ್ಟಿ ಹಾಕಿ ಉಜ್ಜಿ ಹೊಸದು ಮಾಡಿದ್ದಾರೆ ಎಂಬ ಅನುಮಾನ. ಬಣ್ಣ ಬದಲಾದ ಹಳೆಯ ಗಿಟಾರಿನ ಬೆಲೆ ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದು ವ್ಯಾಪಾರಿಗಳ ಲೆಕ್ಕ. ಅಂದರೆ ಆ ಬರಿಮರದ ಚುಕ್ಕೆಯ ಮೇಲೆ ಲಕ್ಷಗಟ್ಟಲೆ ರೂಪಾಯಿ ನಿಂತಿದೆ.

ಸುಮಾರು 1962ರ ಕೊನೆಯ ಹೊತ್ತಿಗೆ ಪದ್ಧತಿ ಬದಲಾಯಿತು. ನೆಕ್ ಕೂರುವ ಗುಳಿಗೆ ಒಂದು ಕೋಲು ಬಿಗಿದು, ಅದನ್ನು ಹಿಡಿಕೆಯಂತೆ ಹಿಡಿದು ಬಣ್ಣ ಹೊಡೆಯತೊಡಗಿದರು. ಹಾಗಾಗಿ ಆಮೇಲಿನ ಗಿಟಾರುಗಳ ನೆಕ್ ಬಿಚ್ಚಿದರೆ ಗುಳಿಯಲ್ಲಿ ಕೋಲಿನ ಅಗಲಕ್ಕೆ ಬಣ್ಣವಿಲ್ಲದ ಪಟ್ಟಿ ಕಾಣುತ್ತದೆ. ಒಣಗಿಸಲು ಮೊಳೆ ಮಾತ್ರ ಇನ್ನೂ ಒಂದೆರಡು ವರ್ಷ ಮುಂದುವರಿಯಿತು. ನಮ್ಮೆದುರಿನ 1961ರ ಬಾಡಿಯ ಗುಳಿಯಲ್ಲಿ ಅಂಥ ಪಟ್ಟಿ ಇರಲಿಲ್ಲ, ಪೂರ್ತಿ ಬಣ್ಣ. ಪೆನ್ಸಿಲ್ ತಾರೀಕು, ಬಣ್ಣ ತುಂಬಿದ ಗುಳಿ, ಬರಿಮರದ ತೂತು ಮೂರಕ್ಕೂ ತಾಳೆಯಾಯಿತು. ರಿಪೇರಿಯವರು ಅಂಗಡಿಯ ದೀಪ ಆರಿಸಿ ಅತಿನೇರಳೆ ಬೆಳಕಿನ ಟಾರ್ಚ್ ಹಿಡಿದರು. ಹಳೆಯ ಲ್ಯಾಕ್ವರ್ ಈ ಬೆಳಕಿಗೆ ಹಸಿರು ಮಿಶ್ರಿತ ಹಳದಿಯಾಗಿ ಮಿನುಗುತ್ತದೆ, ಆಮೇಲೆ ತೇಪೆ ಹಾಕಿದ ಜಾಗ ಕಪ್ಪಾಗಿ ಬೇರೆ ಬೀಳುತ್ತದೆ. ಬಾಡಿ ಇಡೀ ಮಿನುಗಿತು, ಕೆಳಗಿನ ಅಂಚಿನ ಒಂದು ನೆಗ್ಗಿನ ಹೊರತು. ‘ಅದು ದೊಡ್ಡಪ್ಪ ಬೀಳಿಸಿದ್ದು’ ಎಂದ ಹುಡುಗ, ‘ನೇಲ್ ಪಾಲಿಶ್ ಹಚ್ಚಿದ್ರಂತೆ.’

ಮೊಳೆಗಳು ಸುಮಾರಾಗಿ ಒಂದೇ ಕಡೆ ಇದ್ದರೂ ಬಾಡಿಯಿಂದ ಬಾಡಿಗೆ ಅಷ್ಟಿಷ್ಟು ಅತ್ತಿತ್ತ. ಕಣ್ಣಳತೆಯಲ್ಲಿ ಕೈ ಮಾಡಿದ ಕೆಲಸ. ಹೆಸರು ದಾಖಲಾಗದ ಒಬ್ಬ ಕಾರ್ಮಿಕ 1961ರ ಒಂದು ದಿನ ಎಷ್ಟು ಜೋರಾಗಿ ಸುತ್ತಿಗೆ ಬೀಸಿದ ಎಂಬುದನ್ನು ತೂತಿನ ಆಳದಿಂದ ಇವತ್ತೂ ಅಳೆಯಬಹುದು. ಗಿಟಾರಿನ ಚರಿತ್ರೆ ಎಂದರೆ ನುಡಿಸಿದವರ ಹೆಸರಿನ ಪಟ್ಟಿ ಎಂದುಕೊಂಡವರಿಗೆ ನಾನು ಈ ತೂತನ್ನು ತೋರಿಸುತ್ತೇನೆ.

ಲ್ಯಾಕ್ವರ್ ಎಂದೆ. ನಮ್ಮ ಪೀಠೋಪಕರಣದ ಪಾಲಿಶಿನವರು ‘ಎನ್‌ಸಿ’ ಎನ್ನುವ ಅದೇ ನೈಟ್ರೋಸೆಲ್ಯುಲೋಸ್. ಇಪ್ಪತ್ತರ ದಶಕದಲ್ಲಿ ಡ್ಯೂಪಾಂಟ್ ಕಂಪನಿಯ ‘ಡ್ಯೂಕೋ’ ಹೆಸರಿನಲ್ಲಿ ಅಮೆರಿಕದ ಕಾರುಗಳ ಮೈಗೆ ಬಂತು, ಬೇಗ ಒಣಗುತ್ತದೆಂದು ಎಲ್ಲರಿಗೂ ಹಿಡಿಸಿತು. ಫೆಂಡರ್‌ನ ಫಿಯೆಸ್ಟಾ ರೆಡ್, ಲೇಕ್ ಪ್ಲಾಸಿಡ್ ಬ್ಲೂ ಮುಂತಾದವೆಲ್ಲ ಕಾರಿನ ಬಣ್ಣಗಳೇ. ಸನ್‌ಬರ್ಸ್ಟ್ ಹೊಡೆಯುವಾಗ ಕೆಟ್ಟ ಬಾಡಿಗಳ ಮೇಲೆ ಕೆಲವೊಮ್ಮೆ ಒಂದೇ ಬಣ್ಣ ಬಳಿದು ಕಳಿಸಿದ್ದೂ ಉಂಟು. ಬಿಳಿ ಗಿಟಾರಿನಲ್ಲಿ ಚಕ್ಕೆ ಎದ್ದು ಅಡಿಯಲ್ಲಿ ಕಪ್ಪು, ಕೆಂಪು, ಹಳದಿ ಕಂಡರೆ ಒಡೆಯನಿಗೆ ಗಾಬರಿಯಾಗುತ್ತದೆ. ಆಗಬೇಕಿಲ್ಲ, ಕಾರ್ಖಾನೆಯೇ ಹಾಗೆ ಮಾಡಿರಬಹುದು. 1965ರ ಆರಂಭದಲ್ಲಿ ಸಿಬಿಎಸ್ ಕಂಪನಿ 1.3 ಕೋಟಿ ಡಾಲರಿಗೆ ಫೆಂಡರನ್ನು ಕೊಂಡಿತು. ದಶಕದ ಕೊನೆಗೆ ಬಾಡಿಗಳ ಮೈಗೆ ದಪ್ಪ ಪಾಲಿಯೆಸ್ಟರ್ ಲೇಪ ಬಂತು.

ನೈಟ್ರೋ ಎಂದೂ ಸುಮ್ಮನಿರುವ ವಸ್ತುವಲ್ಲ. ದ್ರಾವಕ ಆರುತ್ತಾ ಅದು ವರ್ಷಗಟ್ಟಲೆ ಕುಗ್ಗುತ್ತದೆ, ಮರದ ರಂಧ್ರಗಳಿಗೆ ಇಳಿಯುತ್ತದೆ, ಹಳದಿಯಾಗುತ್ತದೆ. ನೀಲಿಯ ಮೇಲಿನ ಪಾರದರ್ಶಕ ಪದರ ಹಳದಿಯಾದಾಗ ಗಿಟಾರೇ ಹಸಿರಾಗಿ ಕಾಣುತ್ತದೆ. ಚಳಿಯಲ್ಲಿ ಬಂದ ಪೆಟ್ಟಿಗೆಯನ್ನು ಬೆಚ್ಚನೆಯ ಕೋಣೆಯಲ್ಲಿ ತಕ್ಷಣ ತೆರೆದರೆ ಮರ ಒಂದು ಲೆಕ್ಕದಲ್ಲಿ, ಲ್ಯಾಕ್ವರ್ ಇನ್ನೊಂದು ಲೆಕ್ಕದಲ್ಲಿ ಹಿಗ್ಗಿ ಮೈತುಂಬ ಕೂದಲೆಳೆಯ ಬಿರುಕು ಹರಿಯುತ್ತದೆ. ಆಗಿನ ಪಿಕ್‌ಗಾರ್ಡ್ ಕೂಡ ಸೆಲ್ಯುಲಾಯ್ಡ್, ಅಂದರೆ ಅದೇ ಸೆಲ್ಯುಲೋಸ್ ನೈಟ್ರೇಟಿನ ಬಂಧು. ಅದೂ ಕುಗ್ಗುತ್ತದೆ. ಹುಡುಗನ ಗಿಟಾರಿನಲ್ಲಿ ಅಂಚಿನ ಸ್ಕ್ರೂಗಳು ಒಳಮುಖವಾಗಿ ವಾಲಿದ್ದು ಅದಕ್ಕೇ.

ಮಿಷಿಗನ್‌ನ ಕಾಲಮಜೂದಲ್ಲಿದ್ದ ಗಿಬ್ಸನ್ ಕಾರ್ಖಾನೆಯದು ಇನ್ನೊಂದು ಕತೆ. 1958ರಿಂದ 1960ರವರೆಗೆ ಅಲ್ಲಿ ತಯಾರಾದ ಸನ್‌ಬರ್ಸ್ಟ್ ಬಣ್ಣದ ಲೆಸ್ ಪಾಲ್ ಗಿಟಾರುಗಳು ಅಂದಾಜು 1,500. ಅವುಗಳ ಕೆಂಪು ಬಿಸಿಲಿಗೆ ನಿಲ್ಲಲಿಲ್ಲ. ಅಂಗಡಿಯ ಕಿಟಕಿಯಲ್ಲಿ ನೇತಾಡಿದ್ದು ನಿಂಬೆ ಹಳದಿಯಾಯಿತು, ಮಂಚದ ಕೆಳಗೆ ಪೆಟ್ಟಿಗೆಯಲ್ಲಿ ಉಳಿದದ್ದು ಕೆಂಪಾಗಿಯೇ ಇದೆ. 1960ರಲ್ಲಿ ಗಿಬ್ಸನ್ ಮಾಸದ ಕೆಂಪು ಹುಡುಕಿ ಬಳಿಯಿತು. ಸಂಗ್ರಾಹಕರು ಮಾತ್ರ ಮಾಸಿದ್ದನ್ನೇ ಹೆಚ್ಚು ಬಯಸುತ್ತಾರೆ, ನಾನೂ ಅವರ ಪಕ್ಷ. ಅದಕ್ಕಿಂತ ಮುಂಚಿನ ಚಿನ್ನದ ಬಣ್ಣದ ಲೆಸ್ ಪಾಲ್‌ನಲ್ಲಿ ಮೊಣಕೈ ಒರಗುವ ಕಡೆ ಹಸಿರು ಮಚ್ಚೆ ಎದ್ದಿರುತ್ತದೆ. ಆ ಚಿನ್ನ ನಿಜಕ್ಕೂ ಕಂಚಿನ ಪುಡಿ. ಮೇಲಿನ ಲ್ಯಾಕ್ವರ್ ಸವೆದು ಬೆವರು ತಾಗಿದರೆ ದೇವರ ಮನೆಯ ತಾಮ್ರದ ಉದ್ಧರಣೆಯಂತೆ ಕಿಲುಬು ಹಿಡಿಯುತ್ತದೆ.

ಇಲ್ಲೊಂದು ಮಾತು. ತೆಳು ನೈಟ್ರೋ ಹಚ್ಚಿದ ಮರ ಉಸಿರಾಡುತ್ತದೆ, ಅದಕ್ಕೇ ಹಳೆಯ ಗಿಟಾರಿನ ದನಿ ಚೆನ್ನ ಎಂಬ ನಂಬಿಕೆ ಗಿಟಾರ್ ಲೋಕದಲ್ಲಿ ಬಲವಾಗಿದೆ. ನಾನು ಒಪ್ಪುವುದಿಲ್ಲ. 1963ರ ಸುಮಾರಿಗೇ ಫೆಂಡರ್ ನೈಟ್ರೋದ ಅಡಿಗೆ ಫುಲರ್‌ಪ್ಲಾಸ್ಟ್ ಎಂಬ ಗಡಸು ಸೀಲರ್ ಹಾಕತೊಡಗಿತ್ತು. ಉಸಿರಾಡಲು ದಾರಿ ಎಲ್ಲಿತ್ತು? ಎಲೆಕ್ಟ್ರಿಕ್ ಗಿಟಾರಿನಲ್ಲಿ ಪಿಕಪ್ ಹಿಡಿಯುವುದು ಉಕ್ಕಿನ ತಂತಿಯ ಕಂಪನವನ್ನು. ಹಳೆಯ ಫಿನಿಶ್‌ನ ಮೇಲೆ ನನಗೆ ಪ್ರೀತಿ ಇದೆ, ಆದರೆ ಆ ಪ್ರೀತಿ ಕಣ್ಣಿನದು, ಬೆರಳಿನದು.

ಫಿನಿಶ್ ಪೂರ್ತಿ ಹೋದ ಗಿಟಾರುಗಳಲ್ಲಿ ಹೆಸರಾದದ್ದು ಐರ್ಲೆಂಡಿನ ಗಿಟಾರ್ ವಾದಕ ರೋರಿ ಗ್ಯಾಲಗರ್‌ನ ಸ್ಟ್ರಾಟೋಕಾಸ್ಟರ್. ಅದೂ 1961ರದೇ. 1963ರಲ್ಲಿ ಕಾರ್ಕ್ ಊರಿನಲ್ಲಿ 100 ಪೌಂಡಿಗೆ ಕೊಂಡದ್ದು. ಕಳುವಾಗಿ, ಮಳೆಯಲ್ಲಿ ಚರಂಡಿಯೊಂದರಲ್ಲಿ ಬಿದ್ದಿದ್ದು, ಮರಳಿ ಸಿಕ್ಕಿತು. ಉಳಿದ ಬಣ್ಣವನ್ನು ಅವನ ಬೆವರು ತಿಂದಿತು. 2024ರ ಅಕ್ಟೋಬರಿನಲ್ಲಿ ಲಂಡನ್ನಿನ ಬಾನಮ್ಸ್ ಹರಾಜಿನಲ್ಲಿ 8,89,400 ಪೌಂಡಿಗೆ ಹೋಯಿತು. ಕೊಂಡವರು ಅದನ್ನು ಐರ್ಲೆಂಡಿನ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಕೊಟ್ಟರು. ಇಂಥ ಸವೆತವನ್ನು ಹೊಸ ಗಿಟಾರಿಗೆ ಕೈಯಿಂದ ಮಾಡಿ ಮಾರುವ ‘ರೆಲಿಕ್’ಗಳನ್ನು ಫೆಂಡರ್ ಕಸ್ಟಮ್ ಶಾಪ್ 1995ರಲ್ಲಿ ಹೊರತಂದಿತು. ಆರಂಭದ ಬಾಡಿಗಳನ್ನು ಹಳತಾಗಿಸಿದ ವಿನ್ಸ್ ಕ್ಯುನೆಟ್ಟೊ ಕಸುಬಿನಲ್ಲಿ ಪಳಗಿದವರು, ಅದರಲ್ಲಿ ಎರಡು ಮಾತಿಲ್ಲ. ಆದರೂ ಯಾರ ಮೊಣಕೈಯೂ ತಾಗದ ಕಡೆ ಮೊಣಕೈ ಸವೆತ ಕಂಡರೆ ನನಗೆ ಒಗ್ಗುವುದಿಲ್ಲ. ಗೀರು ಬಿದ್ದದ್ದು ಹೇಗೆಂದು ಕೇಳಿದರೆ ಒಡೆಯನ ಬಳಿ ಉತ್ತರ ಇರಬೇಕು.

ಹೊಸ ಗಿಟಾರ್ ಕೊಂಡವರ ಕುತೂಹಲವನ್ನು ಮಾತ್ರ ನಾನು ತುಂಬ ಗೌರವದಿಂದ ನೋಡುತ್ತೇನೆ. ಟ್ಯೂಬ್‌ಲೈಟಿನ ಪ್ರತಿಬಿಂಬವನ್ನು ಬಾಡಿಯ ಮೇಲೆ ಹಾಯಿಸಿ ಅವರು ಕಾಣುವುದೆಲ್ಲ ನಿಜವೇ. ಸಿಕ್ಕಿಕೊಂಡ ಧೂಳಿನ ಕಣ, ಮರದ ಎರಡು ತುಂಡು ಸೇರಿದಲ್ಲಿ ಅಂಟು ಕುಗ್ಗಿ ಎದ್ದ ಗೆರೆ, ಅಂಚಿನಲ್ಲಿ ಉಜ್ಜಿದ್ದು ಜಾಸ್ತಿಯಾಗಿ ಬಣ್ಣ ತೆಳುವಾದ ಜಾಗ, ಬಫಿಂಗ್ ಚಕ್ರದ ಸುಳಿಗಳು. ಪ್ರತಿಯೊಂದೂ ಕಾರ್ಖಾನೆಯ ಯಾವುದೋ ಮೇಜಿನಲ್ಲಿ ನಡೆದ ಘಟನೆ. ಸಿಲಿಕೋನ್ ಇರುವ ಕಾರ್ ಪಾಲಿಶ್ ಮಾತ್ರ ಹಾಕಬಾರದು. ಮುಂದೆ ಟಚ್‌ಅಪ್ ಮಾಡುವಾಗ ಬಣ್ಣ ನಿಲ್ಲದೆ ಗುಳಿಗುಳಿಯಾಗುತ್ತದೆ. ನೈಟ್ರೋ ಗಿಟಾರನ್ನು ರಬ್ಬರ್ ಹಿಡಿಯ ಸ್ಟ್ಯಾಂಡಿನಲ್ಲಿ ನಿಲ್ಲಿಸಲೂಬಾರದು. ರಬ್ಬರಿನ ಅಂಶ ಲ್ಯಾಕ್ವರನ್ನು ಮೆತ್ತಗೆ ಮಾಡಿ ಕಲೆ ಉಳಿಸುತ್ತದೆ, ನಮ್ಮ ಸೆಕೆಗೆ ಇನ್ನೂ ಬೇಗ. ಬೀಟೆ ಮರದ ಫಿಂಗರ್‌ಬೋರ್ಡಿಗೆ ಈ ಯಾವ ಚಿಂತೆಯೂ ಇಲ್ಲ, ಅದಕ್ಕೆ ಲ್ಯಾಕ್ವರನ್ನೇ ಹಚ್ಚಿರುವುದಿಲ್ಲ. ನಮ್ಮ ಪಶ್ಚಿಮಘಟ್ಟದ ಈ ಮರ ಜಗತ್ತಿನ ಬಹಳಷ್ಟು ಗಿಟಾರುಗಳಲ್ಲಿ ಬರಿಮೈಯಲ್ಲೇ ಇದೆ.

ರಿಪೇರಿಯವರ ಬಳಿ ಅತಿ ಹೆಚ್ಚು ಬರುವ ಪ್ರಶ್ನೆ ನೆಕ್ ಸೇರುವ ಮೂಲೆಯ ಬಿರುಕಿನದು. ಪಾಲಿಯೆಸ್ಟರ್ ಗಡಸು, ನೆಕ್ ಬಿಗಿಯಾಗಿ ಕೂತಲ್ಲಿ ಒತ್ತಡಕ್ಕೆ ಸೀಳುತ್ತದೆ. ತಂತಿ ಸಡಿಲಿಸಿ, ನೆಕ್ ಬಿಚ್ಚಿ, ಗುಳಿಯ ಒಳಗಿನ ಬರಿಮರದಲ್ಲೂ ಗೆರೆ ಮುಂದುವರಿದಿದೆಯೇ ನೋಡಬೇಕು. ಮುಂದುವರಿದಿದ್ದರೆ ಅಂಟು ಹಾಕಿ ಬಿಗಿಸುವ ಕೆಲಸ, ಇಲ್ಲದಿದ್ದರೆ ಅದು ಬಣ್ಣದ ಬಿರುಕಷ್ಟೆ, ಮುಟ್ಟುವುದು ಬೇಡ. ನೆಕ್ ಹೇಗೂ ಬಿಚ್ಚಿದ್ದೀರಿ ಎಂದಾದರೆ ಗುಳಿಯದೂ ಪಿಕ್‌ಗಾರ್ಡ್ ಅಡಿಯದೂ ಫೋಟೊ ತೆಗೆದು, ತಾರೀಕು ಬರೆದು ಗಿಟಾರ್ ಪೆಟ್ಟಿಗೆಯಲ್ಲೇ ಇಡಿ. ಅದನ್ನು ಮುಂದೆ ಕೊಳ್ಳುವವರು ಭೂತಗನ್ನಡಿ ಹಿಡಿದೇ ಬರುತ್ತಾರೆ.