ಅಕ್ಕಿಯಿಲ್ಲದ ಇಡ್ಲಿ, ಷಟ್ಪದಿಯ ಅಡುಗೆ

ಸಾವಿರ ವರ್ಷದ ಹಿಂದೆ ಇಡ್ಲಿ ಹೇಗಿತ್ತು? ಉತ್ತರ ಹೇಳುವ ಪುಸ್ತಕ ಕನ್ನಡದ್ದೇ!

1025ರಲ್ಲಿ ಎರಡನೇ ಚಾವುಂಡರಾಯ ಬರೆದ ‘ಲೋಕೋಪಕಾರ’ದಲ್ಲಿ ಅಂತರ್ಜಲ ಹುಡುಕುವ ಬಗೆಯಿದೆ, ಗಿಡಮರಗಳ ಆರೈಕೆಯಿದೆ, ಅಡುಗೆಗೂ ಒಂದು ಅಧ್ಯಾಯವಿದೆ. ಉದ್ದಿನಬೇಳೆಯನ್ನು ಮಜ್ಜಿಗೆಯಲ್ಲಿ ನೆನೆಸಿ, ನುಣ್ಣಗೆ ರುಬ್ಬಿ, ಮೊಸರಿನ ತಿಳಿನೀರು, ಮಸಾಲೆ ಬೆರೆಸಿದರೆ ಇಡ್ಲಿಯ ಹಿಟ್ಟು. ಅಕ್ಕಿಯ ಸುಳಿವೇ ಇಲ್ಲ! ರೆಡಿಮೇಡ್ ಹಿಟ್ಟಿನ ಪ್ಯಾಕೆಟ್ ಕತ್ತರಿಸಿ ರೂಢಿಯಾದವರಿಗೆ ಇದನ್ನು ಓದುವುದೇ ಪುಳಕ.

ಇನ್ನೂ ಸೊಗಸಿನದು ಮೂರನೇ ಮಂಗರಸನ ‘ಸೂಪಶಾಸ್ತ್ರ’. 16ನೇ ಶತಮಾನದ ಆರಂಭದ ಕೃತಿ. ರೊಟ್ಟಿ, ಪಾನಕ, ಪಾಯಸ, ಬದನೆಕಾಯಿ, ಹಲಸು, ಕಳಲೆ... ಎಲ್ಲವೂ ವಾರ್ಧಕ ಷಟ್ಪದಿಯಲ್ಲಿ. ಒಲೆಯ ಮುಂದಿನ ಕೆಲಸಕ್ಕೆ ಕಾವ್ಯದ ಗೌರವ ಕೊಟ್ಟ ಕವಿ ಈತ.

ಮುಂದಿನ ಸಲ ಗ್ರಂಥಾಲಯಕ್ಕೆ ಹೋದಾಗ ಈ ಎರಡು ಪುಸ್ತಕ ಕೇಳಿ ನೋಡಿ. ಮನೆಗೆ ಬಂದು ಉದ್ದು ನೆನೆಸಿ.